ಆಪ್ತ ಸಮಾಲೋಚನೆಗೆ ಕನ್ನಡ ಬೇಡವೇ?

ಕೊಚ್ಚಿಯ ಕಾಕ್ಕನಾಡಿನಲ್ಲಿ ಕೆಲಸದಲ್ಲಿದ್ದಾಗ ಅಪ್ಪ ತೀರಿಕೊಂಡರು. ಹಾಸನದ ಹತ್ತಿರದ ನಮ್ಮೂರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಎರಡು ತಿಂಗಳು ನಿದ್ದೆ ಇಲ್ಲದೆ ಒದ್ದಾಡಿ, ಕೊನೆಗೆ ಕಂಪನಿ ಗೊತ್ತು ಮಾಡಿದ್ದ ಆಪ್ತ ಸಮಾಲೋಚಕಿಯ ಬಳಿ ಹೋದೆ. ಮಲಯಾಳಿ, ಕೆಲಸ ಬಲ್ಲವರು. ಮಾತೆಲ್ಲ ಇಂಗ್ಲಿಷ್‌ನಲ್ಲಿ. ‘ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕಲೂ ಆಗಲಿಲ್ಲ’ ಎನ್ನಬೇಕಿದ್ದದ್ದು ನನ್ನ ಬಾಯಲ್ಲಿ ‘ಅಂತ್ಯಕ್ರಿಯೆಗೆ ಹಾಜರಾಗಲಿಲ್ಲ’ ಎಂದಾಯಿತು, ಯಾವುದೋ ಮೀಟಿಂಗ್ ತಪ್ಪಿಸಿಕೊಂಡ ಹಾಗೆ! ಅವರು ಅದಕ್ಕೆ ತಕ್ಕ ಉತ್ತರವನ್ನೇ ಕೊಟ್ಟರು: ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ.

ಮುಂದೆ ತಿರುವನಂತಪುರದ ಟೆಕ್ನೋಪಾರ್ಕಿಗೆ ಬಂದ ಮೇಲೆ ಗೆಳೆಯರೊಬ್ಬರ ಮೂಲಕ ಕಾಸರಗೋಡು ಮೂಲದ ಸಮಾಲೋಚಕಿ ಸಿಕ್ಕರು. ಅವರ ಕನ್ನಡ ಬೇರೆ, ನನ್ನದು ಬೇರೆ, ಪದ್ಧತಿಗಳೂ ಬೇರೆ. ‘ನಿಮ್ಮ ಕಡೆ ಮಣ್ಣಾದ ಮೇಲೆ ಏನೇನು ಮಾಡ್ತಾರೆ?’ ಎಂದು ಕೇಳಿದರು, ಅಷ್ಟೆ. ಹಾಲು-ತುಪ್ಪ ಬಿಡುವುದರಿಂದ ಹಿಡಿದು ಹೇಳುತ್ತಾ ಹೋದೆ. ಅಳುವೂ ಬಂತು. ‘ಆ ಹಿಡಿ ಮಣ್ಣು ಈಗಲೂ ಹಾಕಬಹುದಲ್ಲ?’ ಎಂದರು. ವರ್ಷದ ತಿಥಿಗೆ ಹೋದಾಗ ಹಾಕಿ ಬಂದೆ.

ಹಾಗೆಂದು ಕನ್ನಡಿಗರಿಗೆ ಕನ್ನಡಿಗರೇ ಬೇಕು ಎನ್ನಲಾರೆ. ‘ಯಾವ ಊರು, ಯಾರ ಮಗ’ ಎಂಬ ಪ್ರಶ್ನೆಗೆ ಹೆದರಿ ಪರಭಾಷೆಯವರನ್ನೇ ಹುಡುಕುವವರೂ ಇದ್ದಾರೆ, ಅದು ಅವರಿಷ್ಟ. ಆದರೆ ಆಯ್ಕೆ ಇರಬೇಕಲ್ಲ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಎನ್ನುತ್ತದೆ. ವೈದ್ಯರು ನಮಗೆ ಹೇಳುವುದಕ್ಕೆ ಇರುವ ಈ ಕಾಳಜಿ, ನಾವು ಅವರಲ್ಲಿ ಹೇಳಿಕೊಳ್ಳುವುದಕ್ಕೂ ಬೇಡವೇ?

ದಾರಿಗಳು ಇಲ್ಲವೆಂದಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ ಟೆಲಿ-ಮಾನಸ್ ಸಹಾಯವಾಣಿ (14416) ಹಗಲೂ ರಾತ್ರಿ ಉಚಿತ. 20 ಭಾಷೆಗಳಲ್ಲಿ ಕನ್ನಡವೂ ಒಂದು. ಇನ್ನು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದರ ನೋವು ನಮಗೆ ಇದ್ದದ್ದೇ. ಆದರೆ ಅಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮಲಯಾಳವನ್ನೂ ಬಲ್ಲ ಮಕ್ಕಳು ಈ ವೃತ್ತಿಗೆ ಬಂದರೆ ಕೇರಳದ ಕನ್ನಡಿಗರಿಗೆ ಎಷ್ಟು ಅನುಕೂಲ! ನಮ್ಮ ಐಟಿ ಕಂಪನಿಗಳು ಅಂಥವರನ್ನು ಹುಡುಕಿ ಪಟ್ಟಿಗೆ ಸೇರಿಸಬೇಕು.

ನಾವು ತಯಾರಿಸುವ ಆ್ಯಪ್ ತೆರೆದರೆ ಮೊದಲು ಬರುವ ಪ್ರಶ್ನೆಯೇ ‘ನಿಮ್ಮ ಭಾಷೆ ಯಾವುದು?’ ಅದೇ ನಮ್ಮ ಆಫೀಸಿನ ಸಮಾಲೋಚನೆಯ ಅರ್ಜಿಯಲ್ಲಿ ಹೆಸರು, ನೌಕರ ಸಂಖ್ಯೆ, ದಿನಾಂಕ, ಸಮಯ ಇವೆ. ಭಾಷೆಯ ಕಾಲಂ ಇಲ್ಲ. ಸೇರಿಸಿ ಎಂದು ಎಚ್‌ಆರ್‌ಗೆ ಮೇಲ್ ಬರೆದೆ. ‘ಪರಿಶೀಲಿಸುತ್ತೇವೆ’ ಎಂದು ಉತ್ತರ ಬಂದಿದೆ. ಅಲ್ಲಿರುವ ತಮಿಳು, ತೆಲುಗು, ಬಂಗಾಳಿ ಸಹೋದ್ಯೋಗಿಗಳ ಸಹಿ ಹಾಕಿಸಿ ಇನ್ನೊಂದು ಕಳಿಸಬೇಕೆಂದಿದ್ದೇನೆ.