ಕೊಡದ ಓಲೆ ಮತ್ತು ಸಭಾಧ್ಯಕ್ಷರ ತೀರ್ಪು

ಒಂದನೆಯ ಪರಾಂತಕ ಚೋಳನ ಕಾಲದ ಉತ್ತರಮೇರೂರು ಶಾಸನಗಳು ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ವಿವರವಾಗಿ ದಾಖಲಿಸುತ್ತವೆ. ಅರ್ಹರ ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ, ಒಳಗೇನಿದೆಯೆಂದು ಅರಿಯದ ಬಾಲಕನಿಂದ ತೆಗೆಸಬೇಕು. ಲೆಕ್ಕ ಒಪ್ಪಿಸದವನೂ ಅವನ ನಂಟರೂ ಆಯ್ಕೆಗೆ ಅನರ್ಹರು. ಅಧಿಕಾರದಲ್ಲಿದ್ದು ಅಪರಾಧವೆಸಗಿದವನನ್ನು ಕೂಡಲೇ ತೆಗೆದುಹಾಕಬೇಕು. ಆ ಸಭೆ ಭೂಮಿಯುಳ್ಳ ಬ್ರಾಹ್ಮಣರದು. ಅದನ್ನು ಇಂದಿನ ಅರ್ಥದ ಪ್ರಜಾಪ್ರಭುತ್ವವೆಂದು ಕೊಂಡಾಡುವುದು ಇತಿಹಾಸಕ್ಕೆ ಬಗೆಯುವ ಅಪಚಾರ. ಆದರೂ ಫಲದಲ್ಲಿ ಆಸಕ್ತಿಯುಳ್ಳವನ ಕೈ ಕೊಡದೊಳಗೆ ಇಳಿಯಕೂಡದೆಂಬ ವಿವೇಕ ಅದಕ್ಕಿತ್ತು.

1985ರ 52ನೆಯ ತಿದ್ದುಪಡಿ ಈ ವಿವೇಕವನ್ನೇ ಕೈಬಿಟ್ಟಿತು. ಅದು ಸಂವಿಧಾನಕ್ಕೆ ಸೇರಿಸಿದ ಹತ್ತನೆಯ ಅನುಸೂಚಿಯಂತೆ, ಪಕ್ಷಾಂತರಗೈದ ಶಾಸಕನ ಸ್ಥಾನ ಉಳಿಯಬೇಕೇ ಅಳಿಯಬೇಕೇ ಎಂದು ನಿರ್ಣಯಿಸುವವರು ಸಭಾಧ್ಯಕ್ಷರು. ಅವರ ಪೀಠ ನಿಂತಿರುವುದು ಸದನದ ಬಹುಮತದ ಮೇಲೆ. ಆ ಬಹುಮತವನ್ನು ಕೆಡಹಿದವನಿಗೂ ಕಟ್ಟಿಕೊಟ್ಟವನಿಗೂ ಅವರೇ ನ್ಯಾಯಾಧೀಶರು! 1992ರ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು, ಪೀಠದ ಘನತೆಯಲ್ಲಿ ವಿಶ್ವಾಸವಿಟ್ಟು, ಈ ಏರ್ಪಾಡನ್ನು ಎತ್ತಿಹಿಡಿದರು, ಇಬ್ಬರು ಒಪ್ಪಲಿಲ್ಲ. ಅನಂತರದ ಇತಿಹಾಸ ಆ ಇಬ್ಬರ ಪರವಾಗಿಯೇ ಸಾಕ್ಷಿ ನುಡಿದಿದೆ.

ಮಣಿಪುರದಲ್ಲಿ 2017ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಶಾಸಕರೊಬ್ಬರು ಭಾರತೀಯ ಜನತಾ ಪಕ್ಷದ ನೇತೃತ್ವದ ಸರ್ಕಾರದಲ್ಲಿ ಸಚಿವರಾದರು. ಅವರ ವಿರುದ್ಧದ ದೂರು ಅದೇ ಪಕ್ಷದ ಸಭಾಧ್ಯಕ್ಷರ ಮುಂದೆ ವರ್ಷಗಟ್ಟಲೆ ಕೊಳೆಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅವರನ್ನು ಸಚಿವ ಸ್ಥಾನದಿಂದ ಇಳಿಸಬೇಕಾಯಿತು. ಕರ್ನಾಟಕದಲ್ಲಿ 2019ರ ಜುಲೈನಲ್ಲಿ ಕಾಂಗ್ರೆಸ್ಸಿನ ಸಭಾಧ್ಯಕ್ಷರು 17 ಶಾಸಕರನ್ನು ಕೆಲವೇ ದಿನಗಳಲ್ಲಿ ಅನರ್ಹಗೊಳಿಸಿ, ವಿಧಾನಸಭೆಯ ಅವಧಿ ಮುಗಿಯುವವರೆಗೂ ಆ ನಿರ್ಬಂಧವನ್ನು ವಿಸ್ತರಿಸಿದರು. ನವೆಂಬರ್ 13ರಂದು ನ್ಯಾಯಾಲಯ ಅನರ್ಹತೆಯನ್ನು ಉಳಿಸಿತು, ಅವಧಿಯ ನಿರ್ಬಂಧವನ್ನು ರದ್ದುಪಡಿಸಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರಲ್ಲಿ 11 ಮಂದಿ ಹೊಸ ಪಕ್ಷದ ಚಿಹ್ನೆಯಡಿ ಮರಳಿ ಗೆದ್ದರು. ಅಲ್ಲಿ ಆಮೆಯ ನಡೆ, ಇಲ್ಲಿ ಮಿಂಚಿನ ವೇಗ. ಪಕ್ಷ ಯಾವುದೇ ಇರಲಿ, ಗತಿಯನ್ನು ಗೊತ್ತುಪಡಿಸಿದ್ದು ಅಗತ್ಯವೇ ಹೊರತು ನ್ಯಾಯವಲ್ಲ ಎಂಬ ಸಂಶಯ ಜನರಲ್ಲಿ ಉಳಿದರೆ ಅವರನ್ನು ದೂರಲಾಗದು.

ನ್ಯಾಯಾಲಯದ ಪರಾಮರ್ಶೆ ಇದೆಯಲ್ಲ ಎಂಬ ಸಮಾಧಾನ ಸಾಲದು. ಪರಾಮರ್ಶೆಗೆ ಸಾಮಾನ್ಯವಾಗಿ ಮೊದಲು ಒಂದು ತೀರ್ಪು ಬೇಕು. ಇಲ್ಲಿ ತೀರ್ಪು ಕೊಡದಿರುವುದೇ ಆಯುಧ. ಅಷ್ಟು ಕಾಲವೂ ಮತದಾರನು ತಾನು ಆರಿಸದ ಪಕ್ಷದ ಪ್ರತಿನಿಧಿಯನ್ನು ಹೊತ್ತಿರಬೇಕು.

ಪರಿಹಾರವನ್ನು ಹೊರಗೆ ಅರಸಬೇಕಿಲ್ಲ. ಲಾಭದಾಯಕ ಹುದ್ದೆ ಹಿಡಿದ ಶಾಸಕನ ಅನರ್ಹತೆಯನ್ನು 192ನೆಯ ವಿಧಿ ಸಭಾಧ್ಯಕ್ಷರಿಗೆ ಒಪ್ಪಿಸಿಲ್ಲ. ರಾಜ್ಯಪಾಲರು ಚುನಾವಣಾ ಆಯೋಗದ ಅಭಿಪ್ರಾಯದಂತೆ ನಿರ್ಣಯಿಸಬೇಕು. ಸ್ವತಂತ್ರ ನ್ಯಾಯಮಂಡಳಿಯ ವಿಚಾರವನ್ನು ಸಂಸತ್ತು ಪರಿಶೀಲಿಸಲೆಂದು ಸರ್ವೋಚ್ಚ ನ್ಯಾಯಾಲಯ 2020ರ ಜನವರಿಯಲ್ಲಿಯೇ ಸೂಚಿಸಿದೆ. ಎರಡು ದಾರಿಗಳಲ್ಲಿ ಯಾವುದನ್ನಾದರೂ ಸಂಸತ್ತು ಹಿಡಿಯಲಿ. ಓಲೆಯಲ್ಲಿರುವ ಹೆಸರು ಯಾರದೆಂದು ಮೊದಲೇ ಬಲ್ಲವರ ಕೈಯಲ್ಲಿ ಕೊಡವನ್ನು ಇನ್ನೂ ಬಿಟ್ಟಿರುವುದು ಸಲ್ಲದು.