ದಬಾಯಿಸುವುದು ಆಡಳಿತವಲ್ಲ: ಹಿರೇಹಳ್ಳಿ ಕಾರ್ಮಿಕರ ಹಕ್ಕೊತ್ತಾಯ ಪತ್ರ

ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಆಡಳಿತ ವರ್ಗ, ಕಾರ್ಮಿಕ ಇಲಾಖೆ ಹಾಗೂ ತುಮಕೂರು ಜಿಲ್ಲಾಧಿಕಾರಿಗಳಿಗೆ,



ಕ್ಯಾತ್ಸಂದ್ರದಿಂದ, ದಾಬಸ್‌ಪೇಟೆ ಕಡೆಯಿಂದ, ಸುತ್ತಲ ಹಳ್ಳಿಗಳಿಂದ ಇಲ್ಲಿಗೆ ದುಡಿಯಲು ಬರುವ ಹೆಂಗಸರು, ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರು ಒಟ್ಟಾಗಿ ಈ ಪತ್ರ ಕೊಡುತ್ತಿದ್ದೇವೆ. ಟಾರ್ಗೆಟ್ ತಪ್ಪಿದ ಹುಡುಗನಿಗೆ "ಬಳೆ ತೊಟ್ಕೊಂಡು ಮನೇಲಿರೋ" ಎಂದು ಸೂಪರ್‌ವೈಸರ್ ಕೂಗುತ್ತಾರೆ. ಪಕ್ಕದ ಮೆಷಿನ್ನಿನಲ್ಲಿ ಬಳೆ ತೊಟ್ಟ ಕೈಯೇ ಆ ದಿನದ ಟಾರ್ಗೆಟ್ ಮುಗಿಸಿರುತ್ತದೆ. ನಡಿಗೆ ಮೆತ್ತಗಿರುವವನಿಗೆ ಅಡ್ಡಹೆಸರು ಬೀಳುತ್ತದೆ. ಬಳೆಯ ಆ ಒಂದು ಮಾತು ಈ ಮೂವರಿಗೂ ತಾಗುತ್ತದೆ. ಆದ್ದರಿಂದ ಇದನ್ನು ಹೆಂಗಸರ ದೂರು ಎಂದು ಬದಿಗಿಡಬೇಡಿ.

1. ಬೈದು ಕೆಲಸ ಮಾಡಿಸುವವರಿಗೆ ಬಡ್ತಿ ಕೊಡುವುದು ನಿಲ್ಲಲಿ. ಉತ್ಪಾದನೆಯ ಲೆಕ್ಕದ ಜೊತೆಗೆ ಅವರ ಕೈಕೆಳಗೆ ಎಷ್ಟು ಜನ ಕೆಲಸ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನೂ ನೋಡಿ.

2. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷ ಸ್ಥಾನದಲ್ಲಿ ಮಹಿಳೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು ಇರಬೇಕು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಸಮಿತಿಯವರ ಹೆಸರು, ಫೋನ್ ನಂಬರನ್ನು ಹಾಜರಿ ಹಾಕುವ ಜಾಗದಲ್ಲಿ ಕನ್ನಡದಲ್ಲಿ ಬರೆಸಿ. ಎಂಟು ಜನರ ಶೆಡ್ಡಿನಲ್ಲಿ ಮಾಲೀಕರೇ ಮ್ಯಾನೇಜರು. ಅಲ್ಲಿನ ಹೆಣ್ಣುಮಗಳು ಯಾರಿಗೆ ಹೇಳಬೇಕು? ಅಂಥವರಿಗಾಗಿಯೇ ಇರುವ ಜಿಲ್ಲಾ ಸ್ಥಳೀಯ ಸಮಿತಿ ಹಿರೇಹಳ್ಳಿಗೇ ಬಂದು ದೂರು ಸ್ವೀಕರಿಸಲಿ. ಗುತ್ತಿಗೆಯವರು, ಟ್ರೈನಿಗಳು ದೂರು ಕೊಟ್ಟರೆ ಮರುದಿನ ಗೇಟಿನಲ್ಲಿ ತಡೆಯಬಾರದು.

3. "ಗಂಡಸಲ್ವಾ, ಎತ್ತು" ಎಂದು ಮಿತಿಮೀರಿದ ಭಾರ ಹೊರಿಸಬೇಡಿ. ಟ್ರಾಲಿ ಕೊಡಿ. ಸೊಂಟ ಹಿಡಿದಿದೆ ಎಂದವನನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಬೇಡಿ. ಮಗುವಿಗೆ ಜ್ವರ ಎಂದು ಅಪ್ಪ ರಜೆ ಕೇಳಿದರೆ "ಹೆಂಡ್ತಿ ಇಲ್ವಾ" ಎನ್ನದೆ ಕೊಡಿ.

4. ವರ್ಷಗಟ್ಟಲೆ ದುಡಿದ ಹೆಂಗಸರು ಹೆಲ್ಪರ್ ಆಗಿಯೇ ಉಳಿಯಬಾರದು. ಲೈನ್ ಲೀಡರ್, ಸೂಪರ್‌ವೈಸರ್ ಹುದ್ದೆಗಳಿಗೆ ಅವರನ್ನೂ ಪರಿಗಣಿಸಿ. ರಾತ್ರಿ ಪಾಳಿಯವರನ್ನು ಹೆದ್ದಾರಿಯಲ್ಲಿ ಇಳಿಸದೆ ಮನೆ ಬಾಗಿಲಿಗೆ ಬಿಡಿ.

5. ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು, ದೂರು ಕೇಳಲು ಅಧಿಕಾರಿ ಇರಬೇಕು ಎಂದು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಹೇಳುತ್ತದೆ. ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ. 1 ಮೀಸಲಾತಿಯನ್ನು 2021ರಲ್ಲೇ ತಂದ ರಾಜ್ಯ ನಮ್ಮದು. ಲಿಂಗತ್ವ ಅಲ್ಪಸಂಖ್ಯಾತರಾದ ಮಂಜಮ್ಮ ಜೋಗತಿಯವರು ಅಧ್ಯಕ್ಷರಾಗಿ ಕರ್ನಾಟಕ ಜಾನಪದ ಅಕಾಡೆಮಿಯನ್ನೇ ನಡೆಸಿದರು. ಹೀಗಿರುವಾಗ ಕೆಲಸ ಕೇಳಿ ಬಂದ ಲಿಂಗತ್ವ ಅಲ್ಪಸಂಖ್ಯಾತರನ್ನು ಸೆಕ್ಯೂರಿಟಿಯವರು ಗೇಟಿನಿಂದಲೇ ವಾಪಸ್ ಕಳಿಸುವುದು ನಮಗೆ ನೋವು ತರುತ್ತದೆ. ಕೆಲಸ ಕೊಡಿ. ಅವರು ಹೇಳಿದ ಹೆಸರಲ್ಲೇ ಗುರುತಿನ ಚೀಟಿ ಕೊಡಿ. ಭಯವಿಲ್ಲದೆ ಹೋಗಿಬರುವಂಥ ಶೌಚಾಲಯ ಇರಲಿ.

6. ರಾಜ್ಯ ಸರ್ಕಾರ 2025ರಲ್ಲಿ ಪ್ರಕಟಿಸಿದ, ತಿಂಗಳಿಗೊಂದು ದಿನದ ಸಂಬಳಸಹಿತ ಮುಟ್ಟಿನ ರಜೆಯನ್ನು ಎಲ್ಲರೆದುರು ಕಾರಣ ಕೇಳದೆ ಕೊಡಿ.

7. ಈ ಪತ್ರಕ್ಕೆ ಸಹಿ ಹಾಕಿದ ಯಾರನ್ನೂ ಬೇರೆ ಲೈನಿಗೆ, ಬೇರೆ ಪಾಳಿಗೆ ಎತ್ತಿಹಾಕಬಾರದು. 30 ದಿನದೊಳಗೆ ನಮ್ಮನ್ನು ಮಾತುಕತೆಗೆ ಕರೆದು, ಒಂದೊಂದು ಬೇಡಿಕೆಗೂ ಲಿಖಿತ ಉತ್ತರ ಕೊಡಬೇಕು.

ಇಂತಿ,
ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಮಿಕರು