ಪೈಪಿನ ಜಾಯಿಂಟ್ ಸೋರುವುದು ಯಾರ ಕೈ ಮೇಲೆ?

2006ರ ಹಾಲಿವುಡ್ ಸಿನಿಮಾ ‘ಆರ್‌ವಿ’ಯಲ್ಲಿ ಒಂದು ದೃಶ್ಯವಿದೆ. ಹೆಂಡತಿ ಮಕ್ಕಳನ್ನು ಮೋಟರ್‌ಹೋಮ್‌ನಲ್ಲಿ ಪ್ರವಾಸಕ್ಕೆ ಕರೆದೊಯ್ದ ರಾಬಿನ್ ವಿಲಿಯಮ್ಸ್ ಪಾತ್ರ, ಗಾಡಿಯ ಶೌಚದ ಟ್ಯಾಂಕ್ ಖಾಲಿ ಮಾಡಲು ಹೋಗಿ ಮೈಮೇಲೆಲ್ಲ ಮಲ ಸಿಡಿಸಿಕೊಳ್ಳುತ್ತದೆ. ನೋಡುವವರಿಗೆ ನಗು ಬರುತ್ತೆ. ಯಾಕಂದ್ರೆ ಅವನು ಸ್ನಾನ ಮಾಡಿ ಪ್ರವಾಸ ಮುಂದುವರಿಸುತ್ತಾನೆ ಅಂತ ಎಲ್ಲರಿಗೂ ಗೊತ್ತು.

ಅಮೆರಿಕದಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಗಾಡಿಯ ಮಾಲೀಕನೇ ಮಾಡಬೇಕು. ಹಾಗಾಗಿ ಅಲ್ಲಿನ ಅಂಗಡಿಗಳಲ್ಲಿ ಈ ಮೂರು ಇಂಚಿನ ಪೈಪಿಗೆ ಬೇಕಾದ್ದೆಲ್ಲ ಸಿಗುತ್ತೆ. ತಿರುಗಿಸಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುವ ಜಾಯಿಂಟು, ಒಳಗೆ ಏನು ಹರಿಯುತ್ತಿದೆ ಅಂತ ತೋರಿಸುವ ಪಾರದರ್ಶಕ ಬೆಂಡು, ಪೈಪ್ ಕಳಚಿದಾಗ ಬಾಯಿಗೆ ಹಾಕುವ ಮುಚ್ಚಳ, ಪೈಪು ಇಳಿಜಾರಾಗಿ ನಿಲ್ಲಲು ಒಂದು ಸ್ಟ್ಯಾಂಡು. ಮೊದಲು ಶೌಚದ ಟ್ಯಾಂಕ್, ಆಮೇಲೆ ಸ್ನಾನ-ಪಾತ್ರೆ ತೊಳೆದ ನೀರಿನ ಟ್ಯಾಂಕ್ ಬಿಟ್ಟರೆ ಪೈಪು ತಾನೇ ತೊಳೆದುಕೊಳ್ಳುತ್ತೆ. ಇದ್ಯಾವುದೂ ರಾಕೆಟ್ ವಿಜ್ಞಾನವಲ್ಲ. ದುಡ್ಡಿರುವವನ ಕೈಗೇ ಹೊಲಸು ತಾಗುವುದರಿಂದ ಇಷ್ಟೆಲ್ಲ ಸುಧಾರಣೆ ಆಗಿದೆ.

ಈಗ ನಮ್ಮೂರಿಗೆ ಬನ್ನಿ. ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಪಿಟ್ ತುಂಬಿದರೆ ಸಕ್ಕಿಂಗ್ ಗಾಡಿ ಬರುತ್ತೆ. ಎಷ್ಟೋ ಕಡೆ ಚಪ್ಪಡಿ ಎತ್ತುವುದು, ಪೈಪ್ ಇಳಿಸುವುದು, ಜಾಯಿಂಟು ಹಿಡಿದು ನಿಲ್ಲುವುದು ಎಲ್ಲವೂ ಬರಿಗೈಯಲ್ಲೇ. ಸಡಿಲವಾದ ಕಡೆ ಹಳೇ ಟ್ಯೂಬಿನ ಪಟ್ಟಿ, ತಂತಿ ಸುತ್ತಿರುತ್ತಾರೆ. ಪೈಪಿಗೆ ಬಟ್ಟೆಯೋ ಪ್ಯಾಡೋ ಸಿಕ್ಕಿಕೊಂಡರೆ ಎಳೆದು ತೆಗೆಯುವುದೂ ಅದೇ ಕೈ. ಗಟ್ಟಿಯಾದ ಕೆಸರನ್ನು ಯಂತ್ರ ಎಳೆಯದಿದ್ದರೆ ‘ಸ್ವಲ್ಪ ಇಳಿದು ಕಲಕಪ್ಪಾ’ ಅನ್ನುವ ಮಾತು ಬರುತ್ತೆ. ಸಾವು ಶುರುವಾಗುವುದು ಇಲ್ಲಿಂದಲೇ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಕೂಗಿ ಕರೆಯಲೂ ಸಮಯ ಕೊಡುವುದಿಲ್ಲ.

ಸೋರದ ಜಾಯಿಂಟು ನಮ್ಮಲ್ಲಿ ಇಲ್ಲವಾ? ಖಂಡಿತ ಇದೆ. ಬಂಕಿಗೆ ಬರುವ ಪೆಟ್ರೋಲ್ ಟ್ಯಾಂಕರ್‌ನ ಪೈಪ್ ಗಮನಿಸಿ: ಲಾಕ್ ಆಗುವ ಕಪ್ಲಿಂಗ್ ಇರುತ್ತೆ. ಪೆಟ್ರೋಲ್ ಚೆಲ್ಲಿದರೆ ಮಾಲೀಕನಿಗೆ ನಷ್ಟ. ಮಲ ಚೆಲ್ಲಿದರೆ ಯಾರಿಗೆ? ಈ ಕೆಲಸಕ್ಕೆ ಬರುವವರಲ್ಲಿ ಬಹುಪಾಲು ದಲಿತರು. ಇದು ತಂತ್ರಜ್ಞಾನದ ಕೊರತೆ ಅಲ್ಲ, ಜಾತಿಯ ಲೆಕ್ಕಾಚಾರ.

ಕಾನೂನುಗಳಿಗೇನೂ ಬರವಿಲ್ಲ. 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. 2013ರ ಕೇಂದ್ರ ಕಾಯ್ದೆ ಅಪಾಯಕಾರಿ ಸ್ವಚ್ಛತಾ ಕೆಲಸವನ್ನು ಅಪರಾಧವೆಂದಿತು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಸತ್ತ ಮೇಲಿನ ಬೆಲೆ ನಿಗದಿಯಾಗಿದೆ. ಬದುಕಿರುವಾಗ ಬೇಕಾದ ಒಂದು ಕಪ್ಲಿಂಗ್‌ಗೆ ಮಾತ್ರ ಯಾರೂ ಒತ್ತಾಯಿಸುತ್ತಿಲ್ಲ.

2015ರಲ್ಲಿ ದೇವನಹಳ್ಳಿಯಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾದಾಗ ದೇಶವೇ ಇತ್ತ ನೋಡಿತು. ಒಳ್ಳೆಯದೇ. ಆದರೆ ಮನೆಯ ಗುಂಡಿಗೂ ಆ ಘಟಕಕ್ಕೂ ನಡುವೆ ಒಂದು ಗಾಡಿ, ಒಂದು ಪೈಪು, ಎರಡು ಕೈಗಳಿವೆ. ಯೋಜನೆಗಳ ಕಣ್ಣು ಅಲ್ಲಿಗೆ ಹಾಯುವುದೇ ಅಪರೂಪ.

ಕೇಳಬೇಕಾದ್ದು ದೊಡ್ಡದೇನಲ್ಲ. ಲಾಕ್ ಆಗುವ ಜಾಯಿಂಟು, ಕಳಚಿದಾಗ ಸೋರದ ವಾಲ್ವ್, ಕೈ ತೊಳೆಯಲು ನೀರು-ಸೋಪು ಇಲ್ಲದ ಸಕ್ಕಿಂಗ್ ಗಾಡಿಗೆ ಪುರಸಭೆ ಪರವಾನಗಿ ಕೊಡಬಾರದು. ಹೊಸ ಮನೆಯ ನಕ್ಷೆಗೆ ಒಪ್ಪಿಗೆ ಕೊಡುವಾಗಲೇ, ಚಪ್ಪಡಿ ಎತ್ತದೆ ಪೈಪ್ ಜೋಡಿಸಲು ಗುಂಡಿಗೊಂದು ಹೊರಬಾಯಿ ಕಡ್ಡಾಯ ಮಾಡಬೇಕು. ಜಾಯಿಂಟು ಬದಲಾದ ಮಾತ್ರಕ್ಕೆ ಜಾತಿ ಹೋಗಲ್ಲ, ನಿಜ. ಆದರೆ ಜಾತಿ ಹೋಗುವ ತನಕ ಆ ಕೈಗಳು ಕಾಯುತ್ತಾ ಕೂರಬೇಕಾ?

ಅಂದಹಾಗೆ, ಮೋಟರ್‌ಹೋಮ್ ಪ್ರವಾಸ ಇಲ್ಲಿಗೂ ಬರುತ್ತಿದೆ. ಪಕ್ಕದ ಕೇರಳ 2021ರಲ್ಲೇ ‘ಕೇರವಾನ್’ ಯೋಜನೆ ಶುರುಮಾಡಿತು. ನಾಳೆ ನೀವೂ ಒಂದು ಬಾಡಿಗೆಗೆ ತೆಗೆದುಕೊಂಡು ಕೊಡಗಿನ ಕಡೆ ಹೊರಟರೆ, ವಾಪಸ್ ಬಂದಾಗ ಅದರ ಟ್ಯಾಂಕ್ ಖಾಲಿ ಮಾಡುವವರು ಯಾರು ಅಂತ ಕೇಳಿ ನೋಡಿ.